ಚಿಗರಿನ್ನ ಎಲ್ಲಿ ಬಿಡೂದು?

ಏಪ್ರಿಲ್ ರಜೆಯಲ್ಲಿ ಮೈಸೂರಿನಲ್ಲಿ ನನ್ನ ತಂಗಿಯ ಮೊಮ್ಮಗನ ಮದುವೆ. ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಯಿತು, ಸೀರೆ-ಧೋತರ ಆಯಿತು, ಆಹೇರಿನ ಬಟ್ಟೆಯೂ ಆಯಿತು. ಎಲ್ಲ ಮುಗಿಯಿತು ಎಂದು ನಾನು ಕಾಲು ಚಾಚಿ ಕೂತಾಗ, ಆರನೇ ಇಯತ್ತೆಯ ಮೊಮ್ಮಗಳು ಕೇಳಿದಳು: "ಮುತ್ಯಾ, ಚಿಗರಿನ್ನ ಎಲ್ಲಿ ಬಿಡೂದು?"

ಚಿಗರಿ ನಮ್ಮ ಮನೆಯ ಮುಧೋಳ ನಾಯಿ. ವಯಸ್ಸು ಮೂರು. ಓಡಿದರೆ ಹೆಸರಿಗೆ ತಕ್ಕಂತೆ ಚಿಗರಿಯೇ. ಪಕ್ಕದ ಬಾಗಲಕೋಟೆ ಜಿಲ್ಲೆಯ ಈ ತಳಿಯ ಮೇಲೆ 2005ರಲ್ಲಿ ಅಂಚೆ ಚೀಟಿ ಬಂದಿದೆ. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರವೂ ಇದೆ. ಆದರೆ ಅಂಚೆ ಚೀಟಿಯಲ್ಲಿ ಕೂತ ಮಾತ್ರಕ್ಕೆ ರೈಲಿನಲ್ಲಿ ಕೂಡಲಾದೀತೆ? ಮೊದಲ ದರ್ಜೆಯ ಕೂಪೆ ಪೂರ್ತಿ ನಮ್ಮದೇ ಆಗಿರಬೇಕು, ಇಲ್ಲವೇ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಆಕೆಯನ್ನು ಹಾಕಬೇಕು. ಎಂಟು ದಿನದ ಪ್ರವಾಸಕ್ಕೆ ಎರಡೂ ಬೇಡವೆನಿಸಿತು.

ನನಗೆ ಹೆದರಿಕೆಯಿತ್ತು. ಹಿಂದಿನ ವರ್ಷ ಬೇರೆ ಊರಿಗೆ ಹೋದಾಗ ಅಲ್ಲಿಯೇ ಒಂದು ಕಡೆ ನಾಲ್ಕು ದಿನ ಬಿಟ್ಟಿದ್ದೆವು. ಅವರು ಏನನ್ನೂ ಕೇಳಲಿಲ್ಲ. ಲಸಿಕೆ ಪುಸ್ತಕ ಬೇಡ, ಏನು ತಿನ್ನುತ್ತದೆ ಬೇಡ, "ಬಿಟ್ಟು ಹೋಗ್ರಿ, ಏನೂ ಚಿಂತಿ ಮಾಡಬ್ಯಾಡ್ರಿ" ಅಷ್ಟೇ. ಎಷ್ಟು ಒಳ್ಳೆಯ ಜನ ಎಂದು ಖುಷಿಪಟ್ಟೆವು. ವಾಪಸು ಬಂದ ಮೂರನೇ ದಿನಕ್ಕೆ ಚಿಗರಿಗೆ ಒಣ ಕೆಮ್ಮು, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ. ಹಲವು ನಾಯಿಗಳು ಒಂದೆಡೆ ಇರುವಲ್ಲಿ ಗಾಳಿಯಿಂದಲೂ, ಹಂಚಿಕೊಂಡ ನೀರಿನ ಬಟ್ಟಲಿನಿಂದಲೂ ಹಬ್ಬುವ ಕೆಮ್ಮು ಅದು. ಇಂಗ್ಲಿಷಿನಲ್ಲಿ ಕೆನಲ್ ಕಾಫ್ ಎನ್ನುತ್ತಾರೆ. ಎರಡು ವಾರ ಔಷಧ ಕುಡಿಸಿದೆವು. ನಮ್ಮನ್ನು ಏನೂ ಕೇಳದವರು ಪಕ್ಕದ ನಾಯಿಯವರನ್ನೂ ಏನೂ ಕೇಳಿರಲಿಲ್ಲ ಎಂಬುದು ಆಗ ತಿಳಿಯಿತು.

ಆದ್ದರಿಂದ ಈ ಸಲ ಮಾರ್ಚ್ ಮೊದಲ ವಾರದಿಂದಲೇ ಹುಡುಕಾಟ. ಮೊಮ್ಮಗಳು ಹಳೇ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡಳು. ಆರಂಭ ವಿಜಯಪುರದಲ್ಲೇ, ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಹಗಲು ಬಿಟ್ಟು ಸಂಜೆ ಕರೆದೊಯ್ಯುವ ಏರ್ಪಾಡೂ ಇತ್ತು, ರಾತ್ರಿ ಇಟ್ಟುಕೊಳ್ಳುವುದೂ ಇತ್ತು. ಜಾಗ ಸ್ವಚ್ಛ, ನಾಯಿಗೊಂದು ಕೋಣೆ, ಲಸಿಕೆ ಪುಸ್ತಕವನ್ನೂ ಕೇಳಿದರು. ನನಗೆ ಒಪ್ಪಿಗೆಯಾಯಿತು. ಅಷ್ಟರಲ್ಲಿ ಈಕೆ ನೋಟ್‌ಬುಕ್ ತೆರೆದಳು.

"ಅಂಕಲ್, ರಾತ್ರಿ ಇಲ್ಲಿ ಯಾರ್ ಮಲಗ್ತಾರ್ರಿ?"

"ಯಾರೂ ಇಲ್ಲ ಬೇಬಿ, ಆದ್ರ ಕ್ಯಾಮೆರಾ ಅದಾವಲ್ಲ. ನಿಮ್ಮ ಮೊಬೈಲ್‌ನ್ಯಾಗ ನೋಡಬಹುದು."

ಹೊರಗೆ ಬಂದ ಮೇಲೆ ಆಕೆ ನನ್ನ ಕೈ ಜಗ್ಗಿದಳು. "ಮುತ್ಯಾ, ಕ್ಯಾಮೆರಾ ನೀರು ಕುಡಸ್ತೈತೇನು?"

ನಾನು ಮೇಲೆ ನೋಡಿರಲೇ ಇಲ್ಲ. ಆಕೆ ಅದನ್ನೂ ನೋಡಿದ್ದಳು. ತಗಡಿನ ಮಾಡು. ನಮ್ಮ ಊರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತು, 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮಂತೆ ಮೈತುಂಬ ಬೆವರುವ ಭಾಗ್ಯವಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಕರೆಂಟ್ ಹೋದರೆ ಆ ತಗಡಿನ ಕೆಳಗೆ ಫ್ಯಾನೂ ಇಲ್ಲ. ನೌಕರಿಗೆ ಹೋಗುವವರು ತಂಪು ಕಾಲದಲ್ಲಿ ಹಗಲು ಬಿಡಲು ಆ ಜಾಗ ಚೆನ್ನಾಗಿಯೇ ಇತ್ತು. ನಮಗೆ ಬೇಕಾಗಿದ್ದು ಬೇರೆ.

ಮುಂದಿನ ಭಾನುವಾರ ಟಿಕೋಟಾ. ಊರಿಂದ 20 ಕಿ.ಮೀ. ಆಸುಪಾಸು. ಅಲ್ಲಿ ನಮ್ಮ ಬೀಗರ ದ್ರಾಕ್ಷಿ ತೋಟ. "ತ್ವಾಟದಾಗ ಆಡಿಕೊಂಡು ಇರ್ತಾಳ ತಗೋರಿ, ರೊಕ್ಕಾ ಗಿಕ್ಕಾ ಏನೂ ಬ್ಯಾಡ" ಎಂದು ಬೀಗರು ಪ್ರೀತಿಯಿಂದ ಕರೆದಿದ್ದರು. ವಿಶಾಲ ಜಾಗ, ಬೇವಿನ ನೆರಳು, ಯಾವಾಗಲೂ ಜನ. ಚಿಗರಿಯಂತೂ ಹೋದ ಗಳಿಗೆಯಿಂದ ಬಾಲ ಅಲ್ಲಾಡಿಸುತ್ತಲೇ ಇದ್ದಳು. ಆದರೆ ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಮೊಲ ಜಿಗಿದರೆ ಕರೆದವರ ದನಿ ಅದರ ಕಿವಿಗೆ ಬೀಳುವುದಿಲ್ಲ. ತೋಟಕ್ಕೆ ಬೇಲಿಯೆಂದರೆ ಸೊಂಟದೆತ್ತರದ ಮುಳ್ಳುತಂತಿ. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕೋಣವೆಂದರೆ ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ತಪ್ಪು, ನಮ್ಮ ಮನಸ್ಸಿಗೂ ತಪ್ಪು.

ಇನ್ನೊಂದು ಭಯ ಅದಕ್ಕಿಂತ ದೊಡ್ಡದು. ತೋಟದ ಬದಿಗೆ ಮಣೂಕ ಒಣಗಿಸುವ ಶೆಡ್. ನೆರಳುಬಲೆಯ ಕೆಳಗೆ ಅಂತಸ್ತು ಅಂತಸ್ತಾಗಿ ಹರಡಿದ ದ್ರಾಕ್ಷಿ, ನೆಲದ ಮೇಲೆಲ್ಲ ಉದುರಿದ ಮಣೂಕ. ಮಕ್ಕಳೇ, ನಿಮಗೆ ಟಿಫಿನ್ ಡಬ್ಬಿಯಲ್ಲಿ ಹಾಕಿ ಕೊಡುವ ಮಣೂಕ ನಾಯಿಗೆ ವಿಷ. ದ್ರಾಕ್ಷಿಯೂ ಅಷ್ಟೇ. ಮೂತ್ರಪಿಂಡ ಕೆಡುತ್ತದೆ. ಎಷ್ಟು ತಿಂದರೆ ಅಪಾಯ ಎಂಬುದಕ್ಕೆ ಗಟ್ಟಿ ಲೆಕ್ಕವಿಲ್ಲ. ಒಂದು ನಾಯಿ ಹಿಡಿ ತಿಂದರೂ ತಡೆದೀತು, ಇನ್ನೊಂದಕ್ಕೆ ನಾಲ್ಕಾರು ಕಾಳೇ ಸಾಕಾದೀತು. ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂದು ಈಚೆಗೆ ಪಶುವೈದ್ಯರು ಹೇಳುತ್ತಾರೆ. ಹುಣಸೆಹಣ್ಣಿನಲ್ಲೂ ಅದೇ ಆಮ್ಲ. ನಾಯಿ ತಿಂದದ್ದು ಕಂಡರೆ ವಾಂತಿಯಾಗಲಿ ಎಂದು ಕಾಯಬಾರದು, ಆಗಲೇ ಪಶು ಆಸ್ಪತ್ರೆಗೆ ಓಡಬೇಕು.

ಬೀಗರಿಗೆ ಇದನ್ನು ಹೇಳಿದರೆ ಅವರು ನಕ್ಕರು. "ನಮ್ಮ ತ್ವಾಟದ ನಾಯಿ ಇದ್ರಾಗ ಬೆಳದೈತ್ರಿ!" ವಾದ ಮಾಡಲಿಲ್ಲ. ಬೀಗತನ ದೊಡ್ಡದು. ರೊಟ್ಟಿ, ಶೇಂಗಾ ಹಿಂಡಿ ಉಂಡು, ಮಣೂಕದ ಚೀಲ ಹಿಡಿದುಕೊಂಡು ಬಂದೆವು. ಚೀಲ ಕಪಾಟಿನ ಮೇಲಿನ ಅರೆಗೆ ಹೋಯಿತು.

ಕೊನೆಗೆ ಬಬಲೇಶ್ವರ. ನನ್ನ ಜೊತೆ ಮಾಸ್ತರಿಕೆ ಮಾಡಿ ನಿವೃತ್ತರಾದ ಗೆಳೆಯರೊಬ್ಬರು ಅಲ್ಲಿದ್ದಾರೆ. ಗಂಡ-ಹೆಂಡತಿ ಇಬ್ಬರೇ. ಹಳೇ ಮಣ್ಣಿನ ಮಾಳಿಗೆಯ ಮನೆ, ಒಳಗೆ ಹೋದರೆ ಮಧ್ಯಾಹ್ನವೂ ತಂಪು. ಹಿತ್ತಲಿಗೆ ಎತ್ತರದ ಕಲ್ಲಿನ ಗೋಡೆ. ಅವರ ಮನೆಯಲ್ಲೂ ಒಂದು ಮುದಿ ನಾಯಿಯಿದೆ. ನಾವು ಪ್ರಶ್ನೆ ಕೇಳುವ ಮೊದಲೇ ಆ ಅಕ್ಕಾವರು ನಮ್ಮನ್ನು ಪರೀಕ್ಷೆಗೆ ಕೂಡಿಸಿದರು. ರೇಬೀಸ್ ಲಸಿಕೆ ಯಾವಾಗ ಆಯಿತು? ಕೆಮ್ಮಿನ ಲಸಿಕೆ? ಉಣ್ಣಿ ಇವೆಯೇ? ಗುಡುಗಿಗೆ ಅಂಜುತ್ತಾಳೆಯೇ? ಉಣ್ಣುವಾಗ ಬೇರೆ ನಾಯಿ ಬಂದರೆ ಗುರ್ರೆನ್ನುತ್ತಾಳೆಯೇ? ಮೊಮ್ಮಗಳ ನೋಟ್‌ಬುಕ್ ತೆರೆಯಲೇ ಇಲ್ಲ.

ಆದರೂ ಅವಸರ ಮಾಡಲಿಲ್ಲ. ಮರುದಿನವೇ ಪಶುವೈದ್ಯರ ಬಳಿ ಕೆಮ್ಮಿನ ಲಸಿಕೆ ಹಾಕಿಸಿದೆವು. ಇಂಥದ್ದಕ್ಕೆ ಎರಡು ವಾರವಾದರೂ ಮುಂಚೆ ಹೋಗಬೇಕು. ಅದಾದ ಮೇಲೆ ಒಂದು ಭಾನುವಾರ ಎರಡೂ ನಾಯಿಗಳನ್ನು ಮನೆಯೊಳಗಲ್ಲ, ಊರ ಹೊರಗಿನ ರಸ್ತೆಯಲ್ಲಿ ಜೊತೆಗೆ ಅಡ್ಡಾಡಿಸಿದೆವು. ತನ್ನ ಮನೆ ಬಾಗಿಲಲ್ಲಿ ಹೊಸಬರನ್ನು ಕಂಡರೆ ಮುದಿ ನಾಯಿಗೂ ಸಿಟ್ಟು ಬರುತ್ತದಲ್ಲ! ಇನ್ನೊಂದು ದಿನ ಬೆಳಿಗ್ಗೆ ಬಿಟ್ಟು ಸಂಜೆ ಕರೆತಂದೆವು. ಆಮೇಲೆ ಒಂದು ರಾತ್ರಿ. ಅಂದು ಆಕೆ ಹನ್ನೊಂದರವರೆಗೆ ಬಾಗಿಲು ಕೆರೆದಳಂತೆ, ಆಮೇಲೆ ಅಕ್ಕಾವರ ಹಾಸಿಗೆಯ ಕಾಲ್ದೆಸೆಗೆ ಮಲಗಿದಳಂತೆ.

ಹೊರಡುವ ದಿನ ಎಂಟು ದಿನದ ಆಹಾರ, ಲಸಿಕೆ ಪುಸ್ತಕ, ಫೋನ್ ನಂಬರು ಕೆತ್ತಿದ ಬಿಲ್ಲೆಯ ಪಟ್ಟಿ ಎಲ್ಲ ಕೊಟ್ಟೆವು. ಒಂದು ಚೀಟಿಯನ್ನೂ ಬರೆದುಕೊಟ್ಟೆ: ನಮ್ಮ ಪಶುವೈದ್ಯರ ನಂಬರು, ಸರ್ಕಾರದ ಪಶು ಸಹಾಯವಾಣಿ 1962, ಮತ್ತು "ನಮ್ಮ ಫೋನ್ ಹತ್ತದಿದ್ದರೆ ಚಿಕಿತ್ಸೆಯ ನಿರ್ಧಾರ ನಿಮ್ಮದೇ, ಖರ್ಚು ನಮ್ಮದು." ಮೊಮ್ಮಗಳು ತಾನು ಹೊದ್ದುಕೊಳ್ಳುವ ಕೌದಿಯನ್ನು ಒಗೆಯದೆ ಹಾಗೆಯೇ ಕೊಟ್ಟಳು. ವಾಸನೆ ಇರಲಿ ಎಂದು.

ಮೈಸೂರಿನಲ್ಲಿ ಎರಡನೇ ಸಂಜೆ ಫೋನ್ ಬಂತು. "ಸರ್, ಚಿಗರಿ ನಿನ್ನಿಯಿಂದ ಉಂಡಿಲ್ರಿ." ಅರಿಶಿನದ ಮನೆಯ ಗದ್ದಲದಲ್ಲಿ ನನ್ನ ಎದೆ ಧಸಕ್ಕೆಂದಿತು. ನೀರು ಕುಡಿಯುತ್ತಾಳೆಯೇ? ಹೌದು. ವಾಂತಿ? ಇಲ್ಲ. ಕೆಮ್ಮು? ಇಲ್ಲ. ಹೊಸ ಮನೆಯಲ್ಲಿ ನಾಯಿ ಒಂದು ದಿನ ಊಟ ಬಿಡುವುದುಂಟು. ಮರುದಿನವೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸೋಣ ಎಂದು ಮಾತಾಯಿತು. ಮೊಮ್ಮಗಳು ಫೋನ್ ಕಸಿದುಕೊಂಡು, "ಆಯಿ, ಆಕಿಗೆ ನಾ ರೊಟ್ಟಿ ಹಾಲಿನ್ಯಾಗ ಕಿವಿಚಿ ಕೈಲೆ ತಿನಸ್ತಿದ್ದೆ. ಅದನ್ನ ಬರಿಯೂದು ಮರ್ತಿದ್ದೆ" ಎಂದಳು.

ಅರ್ಧ ಗಂಟೆಯಲ್ಲಿ ಇನ್ನೊಂದು ಫೋನ್. ಎರಡು ರೊಟ್ಟಿ ಖಾಲಿ.