ಏರುದಾರಿಯಲ್ಲಿ ಜೀಪಿನ ಎಂಜಿನ್ ಕುದಿಯುವುದೇಕೆ?

ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ವಿಲ್ಲಿಸ್ ಮಾದರಿಯ ಹಳೆಯ ಪೆಟ್ರೋಲ್ ಜೀಪುಗಳು ಕೆಲವು ಇನ್ನೂ ದುಡಿಯುತ್ತಿವೆ. ಒಂಟಿಯಾಗಿ ಓಡುವಾಗ ತಂಟೆ ಕೊಡದ ಇಂಥ ಬಂಡಿ, ಹಿಂದೆ ಟ್ರೇಲರ್ ಕಟ್ಟಿ ಮೂಟೆಗಳನ್ನು ಹೇರಿದೊಡನೆ ಅರ್ಧ ಏರಿನಲ್ಲಿ ಬುಸುಗುಟ್ಟಿ ನಿಲ್ಲುವುದುಂಟು. ಕೂಡಲೆ ಎಲ್ಲರ ಸಂಶಯವೂ ರೇಡಿಯೇಟರಿನ ಮೇಲೆ ಬೀಳುತ್ತದೆ. ಹೊಸದನ್ನು ಹಾಕಿಸಿ ಹಣ ತೆತ್ತ ಮೇಲೂ ಮುಂದಿನ ಸುಗ್ಗಿಯಲ್ಲಿ ಅದೇ ಆವಿ, ಅದೇ ತಾಪತ್ರಯ. ಹೀಗೆ ಪದೇ ಪದೇ ಕುದಿದ ಎಂಜಿನ್ನಿನ ಹೆಡ್ ಸೊಟ್ಟಾಗಿ ಅಥವಾ ಬಿರುಕುಬಿಟ್ಟು ಬಂಡಿಯೇ ಮೂಲೆ ಸೇರಬಹುದು. ‘ಏನು ಕೆಟ್ಟಿದೆ?’ ಎಂದು ಕೇಳುವ ಮುನ್ನ ‘ಯಾವಾಗ ಕಾಯುತ್ತದೆ?’ ಎಂದು ಕೇಳಿಕೊಂಡರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಪೆಟ್ರೋಲು ಉರಿದು ಹೊರಡುವ ಶಕ್ತಿಯಲ್ಲಿ, ಇಂತಹ ಎಂಜಿನ್ನು ಕೆಲಸಕ್ಕೆ ತಿರುಗಿಸಬಲ್ಲುದು ಸುಮಾರು ಕಾಲುಭಾಗವನ್ನು ಮಾತ್ರ. ಒಂದು ದೊಡ್ಡ ಪಾಲು ಹೊಗೆಕೊಳವೆಯಿಂದ ಹೊರಹೋಗುತ್ತದೆ. ಇನ್ನೊಂದು ಪಾಲು ಸಿಲಿಂಡರುಗಳ ಗೋಡೆಯನ್ನು ಹಾಯ್ದು ನೀರನ್ನು ಸೇರುತ್ತದೆ. ಇದು ಕೆಲಸಕ್ಕೆ ಒದಗಿದ ಶಕ್ತಿಗಿಂತ ಕಡಮೆಯೇನಲ್ಲ. ಅಂದರೆ ಎಂಜಿನ್ನು ಹೆಚ್ಚು ದುಡಿದಷ್ಟೂ ನೀರಿಗೆ ಬೀಳುವ ಶಾಖವೂ ಹೆಚ್ಚು. ಜೀಪು, ಟ್ರೇಲರ್, ಹೊರೆ ಎಲ್ಲವೂ ಸೇರಿ 2,000 ಕಿಲೋಗ್ರಾಮ್ ತೂಗುವುದೆಂದು ಭಾವಿಸೋಣ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಮನೆಲದ ಮೇಲೆ ಇದನ್ನು ಎಳೆಯಲು ಸುಮಾರು 2 ಕಿಲೋವಾಟ್ ಸಾಕು. ಹನ್ನೆರಡು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಅದೇ ವೇಗದಿಂದ ಸಾಗಬೇಕಾದರೆ 11 ಕಿಲೋವಾಟ್ ಬೇಕು. ಶಾಖ ಹಲವು ಪಟ್ಟು ಹೆಚ್ಚಿತು. ಎದುರಿನಿಂದ ಬೀಸುವ ಗಾಳಿ ಮಾತ್ರ ಹೆಚ್ಚಲಿಲ್ಲ! ಸಮನೆಲದಲ್ಲಿ ಅಡಗಿದ್ದ ಚಿಕ್ಕ ಊನವೂ ಏರಿನಲ್ಲಿ ಬಯಲಾಗುವುದು ಇದರಿಂದಲೇ.

ಮೊದಲು ಎಂಜಿನ್ ನಿಜವಾಗಿಯೂ ಕಾಯುತ್ತಿದೆಯೇ ಎಂಬುದನ್ನು ನಿರ್ಧರಿಸಬೇಕು. ಹಳೆಯ ಉಷ್ಣಮಾಪಕದ ಮುಳ್ಳನ್ನು ನಂಬುವಂತಿಲ್ಲ. ತಣ್ಣಗಿರುವ ಎಂಜಿನ್ನಿನ ರೇಡಿಯೇಟರಿನ ಬಾಯಲ್ಲಿ ಒಳ್ಳೆಯ ಥರ್ಮಾಮೀಟರನ್ನು ಇಳಿಬಿಟ್ಟು, ಎಂಜಿನ್ನನ್ನು ಚಾಲೂಮಾಡಿ, ನೀರು ಕಾಯುತ್ತ ಹೋದಂತೆ ಎರಡನ್ನೂ ಹೋಲಿಸಿದರೆ ಮುಳ್ಳಿನ ಸತ್ಯಾಸತ್ಯ ತಿಳಿಯುತ್ತದೆ.

ನಿಂತಲ್ಲಿ ಕಾದು, ಓಡಿದಾಗ ತಣಿಯುವ ಎಂಜಿನ್ನಿನಲ್ಲಿ ದೋಷವಿರುವುದು ಗಾಳಿಯ ಕಡೆ: ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು, ಇಲ್ಲವೆ ಫ್ಯಾನಿನ ಸುತ್ತಲಿನ ತಗಡಿನ ಕವಚವನ್ನು ಯಾರೋ ಕಳಚಿ ಎಸೆದಿರಬಹುದು. ನಿಂತಾಗ ತಣ್ಣಗಿದ್ದು ಹೊರೆ ಬಿದ್ದಾಗ ಮಾತ್ರ ಕಾಯುವುದಾದರೆ ನೀರಿನ ದಾರಿಯನ್ನೇ ಶೋಧಿಸಬೇಕು. ಬಯಲುಸೀಮೆಯ ಗಡಸು ನೀರನ್ನು ವರ್ಷಗಟ್ಟಲೆ ತುಂಬಿದ್ದರೆ ಒಳಗೆ ಸುಣ್ಣದ ಕಿಟ್ಟ ಕಟ್ಟಿರುತ್ತದೆ. ಕಾಯಿಸುವ ಹಂಡೆಯಲ್ಲಿ ಕಾಣುವ ಕಿಟ್ಟವೂ ಇದೇ. ಅದು ಶಾಖವನ್ನು ಸಾಗಿಸುವ ಶಕ್ತಿ ಕಬ್ಬಿಣಕ್ಕಿಂತ ಹತ್ತಾರು ಪಾಲು ಕಡಮೆ. ಎಂಜಿನ್ನು ಬಿಸಿಯಾದ ಮೇಲೆ ನಿಲ್ಲಿಸಿ, ಫ್ಯಾನು ನಿಂತ ತರುವಾಯ, ರೇಡಿಯೇಟರಿನ ಮೈಗೆ ಅಂಗೈಯನ್ನು ಹತ್ತಿರ ಹಿಡಿದು ನೋಡಬೇಕು. ನಡುನಡುವೆ ತಣ್ಣನೆಯ ಪಟ್ಟಿಗಳಿದ್ದರೆ ಅಲ್ಲಿಯ ಕೊಳವೆಗಳು ಮುಚ್ಚಿವೆ ಎಂದರ್ಥ. ಕೆಳಗಿನ ರಬ್ಬರ್ ಹೋಸನ್ನೂ ಮರೆಯಬಾರದು. ಮೆತ್ತಗಾದ ಹೋಸು ಪಂಪಿನ ಹೀರುವಿಕೆಗೆ ಚಪ್ಪಟೆಯಾಗುತ್ತದೆ, ಎಂಜಿನ್ನು ನಿಂತೊಡನೆ ಮತ್ತೆ ದುಂಡಗಾಗುತ್ತದೆ. ಆದುದರಿಂದ ಎಂಜಿನ್ನು ಜೋರಾಗಿ ತಿರುಗುತ್ತಿರುವಾಗಲೇ ಅದನ್ನು ಗಮನಿಸಬೇಕು.

ಥರ್ಮೋಸ್ಟ್ಯಾಟಿನ ಪರೀಕ್ಷೆ ಅಡಿಗೆಮನೆಯಲ್ಲೇ ಆಗುವಂಥದು. ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿದರೆ, ಅದರ ಮೇಲೆ ಕೆತ್ತಿರುವ ಉಷ್ಣತೆಯ ಆಸುಪಾಸಿನಲ್ಲಿ ಅದು ತೆರೆಯಬೇಕು. ಅದನ್ನು ಕಿತ್ತೆಸೆಯುವುದೇ ಮದ್ದೆಂದು ಬಗೆಯುವ ಕುಶಲಿಗಳು ಇದ್ದಾರೆ. ನಮಗೆ ಇದು ಸರಿಯೆನಿಸುವುದಿಲ್ಲ. ಕಟ್ಟಿಹೋದ ರೇಡಿಯೇಟರು ಇದರಿಂದ ತೆರೆದುಕೊಳ್ಳುವುದಿಲ್ಲ. ಮಲೆನಾಡಿನ ಚಳಿಯ ಬೆಳಗುಗಳಲ್ಲಿ ಎಂಜಿನ್ನು ಬಹಳ ಹೊತ್ತು ತಣ್ಣಗೇ ಓಡಿ ಬೇಗ ಸವೆಯುತ್ತದೆ.

ನೀರಿನ ದಾರಿ ಶುದ್ಧವಾಗಿದ್ದೂ ಎಂಜಿನ್ ಕಾಯುವುದಾದರೆ ಶಾಖವೇ ಹೆಚ್ಚಾಗಿ ಹುಟ್ಟುತ್ತಿದೆ ಎಂದು ತಿಳಿಯಬೇಕು. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೆ ಕಿಡಿ ತಡವಾಗಿ ಹಾರಿ, ಪಿಸ್ಟನ್ನು ಕೆಳಗಿಳಿಯುತ್ತಿರುವಾಗಲೂ ಉರಿ ಮುಂದುವರಿದು, ಕೆಲಸವಾಗಬೇಕಾದ ಶಕ್ತಿ ಗೋಡೆಗಳಿಗೆ ಹತ್ತುತ್ತದೆ. ಬಿಗಿಹಿಡಿದ ಬ್ರೇಕು ಇನ್ನೊಂದು ಗುಪ್ತ ಶತ್ರು. ಒಂದಷ್ಟು ದೂರ ಓಡಿಸಿ, ಬ್ರೇಕು ಒತ್ತದೆ ತಾನಾಗಿ ನಿಲ್ಲಲು ಬಿಟ್ಟು, ಜೀಪಿನ ನಾಲ್ಕು ಡ್ರಮ್ಮುಗಳ ಹಾಗೂ ಟ್ರೇಲರಿನ ಚಕ್ರಗಳ ಬಳಿ ಕೈ ಒಡ್ಡಿದರೆ ಯಾವುದು ಕಾದಿದೆಯೆಂಬುದು ಮುಟ್ಟದೆಯೇ ತಿಳಿಯುತ್ತದೆ. ಟ್ರೇಲರನ್ನು ಪರೀಕ್ಷಿಸುವವರು ವಿರಳ.

ಎಲ್ಲಿಯೂ ಸೋರದೆ ನೀರು ಕಡಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟನ್ನು ಶಂಕಿಸಬೇಕು. ತಣ್ಣಗಿರುವ ಎಂಜಿನ್ನಿನಲ್ಲಿ ಮುಚ್ಚಳ ತೆಗೆದು, ಬಾಯಿಮಟ್ಟ ನೀರು ತುಂಬಿ, ಚಾಲೂಮಾಡಿ ನೋಡಿ. ನೀರು ಕಾಯುವ ಮೊದಲೇ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ, ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿರುವ ಸಂಭವವೇ ಹೆಚ್ಚು.

ಇನ್ನು ಮುಚ್ಚಳದ ಮಾತು. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಚದರ ಅಂಗುಲಕ್ಕೆ 7 ಪೌಂಡ್ ಒತ್ತಡವನ್ನು ತಡೆಹಿಡಿಯುವ ಮುಚ್ಚಳವಿದ್ದರೆ ಕುದಿಬಿಂದು 110ರ ಸಮೀಪಕ್ಕೆ ಏರುತ್ತದೆ. ಸವೆದ ಮುಚ್ಚಳದಿಂದ ಈ ಲಾಭ ತಪ್ಪಿಹೋಗುತ್ತದೆ. ಆದರೆ ಇದೇ ಗುಣ ಅಪಾಯಕ್ಕೂ ಎಡೆ. 110 ಡಿಗ್ರಿಯಲ್ಲಿರುವ 10 ಲೀಟರ್ ನೀರಿನ ಮೇಲಿನ ಒತ್ತಡವನ್ನು ಒಮ್ಮೆಗೇ ಬಿಟ್ಟರೆ ಸುಮಾರು ಕಾಲು ಕಿಲೋಗ್ರಾಮ್ ನೀರು ಆವಿಯಾಗುತ್ತದೆ. ಆ ಆವಿಯ ಗಾತ್ರ 400 ಲೀಟರಿನಷ್ಟು. ಅದು ಕುದಿನೀರನ್ನೂ ಹೊತ್ತುಕೊಂಡು ಚಿಮ್ಮುವುದು ಬಗ್ಗಿ ನೋಡುತ್ತಿರುವವನ ಮುಖಕ್ಕೆ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿಯುವಷ್ಟು ತಣಿಯುವವರೆಗೆ ಮುಚ್ಚಳಕ್ಕೆ ಕೈಹಾಕಲಾಗದು.

ಏರು ಹತ್ತುವಾಗಲೇ ಮುಳ್ಳು ಮೇಲೇರತೊಡಗಿದರೆ ಚಾಲಕನ ಕೈಯಲ್ಲೂ ಒಂದು ಉಪಾಯವಿದೆ. ಮೇಲಿನ ಗೇರಿನಲ್ಲಿ ಎಂಜಿನ್ನು ಮೆಲ್ಲಗೆ ತಿರುಗಿದರೆ ಅದಕ್ಕೆ ಕಟ್ಟಿದ ಫ್ಯಾನು, ಪಂಪುಗಳೂ ಮೆಲ್ಲಗೆ ತಿರುಗುತ್ತವೆ. ಗೇರನ್ನು ಇಳಿಸಿ, ಪೆಡಲನ್ನು ಪೂರ್ತಿ ಒತ್ತದೆ ನಿಧಾನವಾಗಿ ಸಾಗಿದರೆ ಗಾಳಿ, ನೀರು ಎರಡರ ಹರಿವೂ ಹೆಚ್ಚುತ್ತದೆ. ಅಷ್ಟಕ್ಕೂ ತಣಿಯದಿದ್ದರೆ ಬದಿಗೆ ನಿಲ್ಲಿಸಬೇಕು. ನೀರು ಉಳಿದಿದ್ದರೆ ಎಂಜಿನ್ನನ್ನು ಕೆಲವು ನಿಮಿಷ ಮೆಲ್ಲಗೆ ತಿರುಗಲು ಬಿಡಬಹುದು. ಚೆಲ್ಲಿಹೋಗಿದ್ದರೆ ತಕ್ಷಣ ನಿಲ್ಲಿಸಬೇಕು. ಬಳಿಯ ತೊರೆಯ ತಣ್ಣೀರನ್ನು ಕಾದ ಕಬ್ಬಿಣದೊಳಕ್ಕೆ ಸುರಿದರೆ ಅದು ಬಿರಿಯಬಹುದು. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಾದು, ಎಂಜಿನ್ನು ತಣಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು ತುಂಬಿ ಮುಂದುವರಿಯುವುದು ಕ್ಷೇಮ.