ಐದು ಸಲ ‘ಯಾಕೆ’

“ಟೈಮೇ ಸಾಲ್ತಿಲ್ಲ ಸರ್” ಅಂತ ಸಲಹೆಗೆ ಬಂದವರು ಹೇಳಿದ ಕೂಡಲೇ ಟೈಮ್‌ಟೇಬಲ್ ಬರೆದುಕೊಡಬೇಡಿ. ಮೂಲ ಕಾರಣ ಇನ್ನೂ ಒಳಗೇ ಇದೆ.

ಅದನ್ನು ಹುಡುಕೋದು ಹೇಗೆ ಅನ್ನೋದಕ್ಕೆ ಟೊಯೋಟಾ ಕಂಪನಿಯ ತೈಚಿ ಓನೊ ಕೊಟ್ಟ ಉದಾಹರಣೆ ಕೇಳಿ. ಯಂತ್ರ ನಿಂತುಹೋಯ್ತು. ಯಾಕೆ? ಲೋಡ್ ಹೆಚ್ಚಾಗಿ ಫ್ಯೂಸ್ ಹೋಯ್ತು. ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪ್ ಸಾಕಷ್ಟು ಎಣ್ಣೆ ಎತ್ತುತ್ತಿರಲಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿತ್ತು. ಯಾಕೆ? ಪಂಪ್‌ಗೆ ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಸೇರಿತ್ತು. ಬರೀ ಫ್ಯೂಸ್ ಬದಲಿಸಿದ್ರೆ ಯಂತ್ರ ಮತ್ತೆ ನಿಲ್ತಿತ್ತು.

ಎದುರಿಗೆ ಕೂತವರ ಹತ್ತಿರ ಮಾತ್ರ ಹೀಗೆ ಸಾಲುಸಾಲಾಗಿ ‘ಯಾಕೆ’ ಅನ್ನಬೇಡಿ. ತಪ್ಪು ಹಿಡೀತಿದ್ದಾರೆ ಅನ್ನಿಸಿ ಮುದುಡಿಕೊಳ್ತಾರೆ. “ಟೈಮ್ ಸಾಲದೇ ಹೋದಾಗ ಏನಾಯ್ತು? ಇನ್ನೊಂದು ಕೆಲಸ ಬಂದಾಗ ‘ಆಗಲ್ಲ’ ಅನ್ನೋಕೆ ಏನು ಅಡ್ಡ ಬಂತು?” ಅಂತ ಕೇಳಿ. ಆಮೇಲೆ ಸುಮ್ಮನಿರಿ. ಉತ್ತರ ಅವರೇ ಹುಡುಕಿಕೊಳ್ಳಲಿ.