ಬೈಕ್ ಪ್ಯಾನೆಲ್‌ಗೆ ಹೊಡೆಸಿದ ಬಣ್ಣ ಯಾಕೆ ಸಿಪ್ಪೆ ಏಳುತ್ತೆ? ಹಬ್ಬಕ್ಕೆ ಗಾಡಿ ಪೇಂಟ್ ಮಾಡಿಸೋರು ಒಮ್ಮೆ ಓದಿ

ದಾವಣಗೆರೆ: ಗಣೇಶನ್ನ ಬಿಟ್ಟು ಬಂದ ಮಾರನೇ ದಿನದಿಂದಲೇ ಊರಿನ ಪೇಂಟಿಂಗ್ ಅಂಗಡಿಗಳ ಮುಂದೆ ಒಂದೇ ಥರದ ದೃಶ್ಯ. ತಂತಿಗೆ ನೇತು ಹಾಕಿದ ಸೈಡ್ ಪ್ಯಾನೆಲ್‌ಗಳು, ಗೋಡೆಗೆ ಒರಗಿಸಿದ ಮಡ್‌ಗಾರ್ಡ್‌ಗಳು, ಮೈಮೇಲಿಂದ ಎಲ್ಲಾ ಕಳಚಿಸಿಕೊಂಡು ಎಲುಬು ಕಾಣೋ ಹಂಗೆ ನಿಂತ ಬೈಕ್‌ಗಳು. ಆಯುಧಪೂಜೆ ಹೊತ್ತಿಗೆ ಗಾಡಿ ಷೋರೂಮಿಂದ ಈಗ ಬಂದಂಗೆ ಕಾಣಬೇಕು ಅನ್ನೋ ಆಸೆ ಎಲ್ಲರಿಗೂ ಇರುತ್ತೆ. ತಪ್ಪೇನಿಲ್ಲ. ಆದರೆ ಸಂಕ್ರಾಂತಿ ಬರೋ ಹೊತ್ತಿಗೆ ಅದೇ ಗಾಡಿಗಳನ್ನ ನೋಡಿ. ಟ್ಯಾಂಕ್ ಇನ್ನೂ ಫಳಫಳ ಅಂತಿರುತ್ತೆ, ಅದರ ಕೆಳಗಿನ ಪ್ಯಾನೆಲ್ ಅಂಚಲ್ಲಿ ಮಾತ್ರ ಬಣ್ಣ ಸಿಪ್ಪೆ ಎದ್ದಿರುತ್ತೆ.

ಪೇಂಟರ್ ಒಬ್ಬನೇ, ಬಣ್ಣದ ಡಬ್ಬಿ ಒಂದೇ, ಹೊಡೆದ ದಿನವೂ ಒಂದೇ. ಕಬ್ಬಿಣದ ಮೇಲೆ ನಿಂತಿದ್ದು ಪ್ಲಾಸ್ಟಿಕ್ ಮೇಲೆ ಯಾಕೆ ನಿಲ್ಲಲಿಲ್ಲ?

ಇದನ್ನ ಬರೆಯೋಕೆ ನನಗೊಂದು ಸ್ವಂತ ಕಾರಣ ಇದೆ. ನನ್ನ ಹಳೇ ಬೈಕಿನ ಎರಡು ಸೈಡ್ ಪ್ಯಾನೆಲ್‌ಗೆ ನಾನೇ ಸ್ಪ್ರೇ ಡಬ್ಬಿ ತಂದು ಕಪ್ಪು ಬಣ್ಣ ಹೊಡೆದಿದ್ದೆ. ಸಂಜೆ ಹೊತ್ತಿಗೆ ಒಣಗಿ ಕನ್ನಡಿ ಥರ ಕಾಣ್ತಿತ್ತು, ಫೋಟೋನೂ ಹಾಕಿಕೊಂಡೆ. ಮೂರನೇ ತಿಂಗಳು ವಾಟರ್ ಸರ್ವಿಸ್‌ಗೆ ಬಿಟ್ಟಾಗ ಪ್ರೆಷರ್ ನೀರಿಗೆ ಅಂಗೈ ಅಗಲದ ಬಣ್ಣ ಹಪ್ಪಳದ ಹಂಗೆ ಎದ್ದು ಬಂತು. ಅದರ ಕೆಳಗೆ ಕಂಪನಿಯ ಹಳೇ ಕೆಂಪು ಬಣ್ಣ ಒಂದು ಗೀರೂ ಇಲ್ಲದೆ ಮಿರಮಿರ ಅಂತಿತ್ತು. ಸರ್ವಿಸ್ ಹುಡುಗ ನನ್ನ ಮುಖ ನೋಡಿ, 'ಅಣ್ಣ, ಇದನ್ನ ಉಜ್ಜೇ ಇಲ್ವಲ್ರಿ' ಅಂದ. ಅಲ್ಲಿಂದ ಈ ವಿಷಯದ ಬೆನ್ನು ಹತ್ತಿ ಪೇಂಟಿಂಗ್ ಅಂಗಡಿಗಳಲ್ಲಿ ಕೂತು ಕೇಳಿದ್ದು, ಕಣ್ಣಾರೆ ನೋಡಿದ್ದು ಇಲ್ಲಿದೆ.

ಮೊದಲು ಪ್ಲಾಸ್ಟಿಕ್ ಯಾವುದು ಅಂತ ನೋಡಬೇಕು. ಎಲ್ಲಾ ಪ್ಯಾನೆಲ್ ಒಂದೇ ಪ್ಲಾಸ್ಟಿಕ್‌ನದ್ದಲ್ಲ. ಪ್ಯಾನೆಲ್ ಬಿಚ್ಚಿ ಹಿಂಬದಿ ನೋಡಿದರೆ ಸಣ್ಣ ಅಕ್ಷರದಲ್ಲಿ ಅಚ್ಚು ಇರುತ್ತೆ: ಎಬಿಎಸ್ ಅಥವಾ ಪಿಪಿ. ಹೊಳೆಯೋ ಸೈಡ್ ಪ್ಯಾನೆಲ್, ಹೆಡ್‌ಲೈಟ್ ಸುತ್ತಲಿನ ಡೂಮ್, ಸೀಟಿನ ಕೆಳಗಿನ ಹಿಂದಿನ ಪ್ಯಾನೆಲ್ ಇವೆಲ್ಲ ಸಾಮಾನ್ಯವಾಗಿ ಎಬಿಎಸ್. ಒಳಗಿನ ಮಡ್‌ಗಾರ್ಡ್, ಸ್ಕೂಟರಿನ ಕಾಲಿಡೋ ಜಾಗ, ತರಿತರಿಯಾದ ಕಪ್ಪು ಭಾಗಗಳು ಹೆಚ್ಚಾಗಿ ಪಿಪಿ, ಅಂದ್ರೆ ಪಾಲಿಪ್ರೊಪಿಲೀನ್. ಅಚ್ಚು ಅಳಿಸಿ ಹೋಗಿದ್ದು, ಮುರಿದ ಚೂರೇನಾದ್ರೂ ಕೈಯಲ್ಲಿದ್ದರೆ ಬಣ್ಣ ಕೆರೆದು ನೀರಿಗೆ ಹಾಕಿ. ಮುಳುಗಿದರೆ ಎಬಿಎಸ್ ಇರಬಹುದು, ತೇಲಿದರೆ ಪಿಪಿ ಥರದ್ದು.

ಈ ವ್ಯತ್ಯಾಸದಲ್ಲೇ ಅರ್ಧ ಕಥೆ ಇದೆ. ಎಬಿಎಸ್ ಬಣ್ಣವನ್ನ ಚೆನ್ನಾಗಿ ಹಿಡಿದುಕೊಳ್ಳುತ್ತೆ, ಥಿನ್ನರ್ ಅದರ ಮೇಲ್ಪದರವನ್ನ ಸ್ವಲ್ಪ ಕಚ್ಚುತ್ತೆ ಕೂಡ. ಅದಕ್ಕೇ ಜಾಸ್ತಿ ಥಿನ್ನರ್ ಸುರಿದು ಒದ್ದೆಒದ್ದೆಯಾಗಿ ಹೊಡೆದರೆ ಎಬಿಎಸ್ ಮೆತ್ತಗಾಗಿ ಕೂದಲೆಳೆಯಂಥ ಬಿರುಕೂ ಬಿಡಬಹುದು. ಪಿಪಿ ಇದಕ್ಕೆ ಉಲ್ಟಾ. ಅದಕ್ಕೆ ಏನೂ ಅಂಟಲ್ಲ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಮೇಲೆ ಅಂಟಿಸಿದ ಚೀಟಿ ಉಗುರಲ್ಲಿ ಎಳೆದರೆ ಸಲೀಸಾಗಿ ಬರುತ್ತಲ್ಲ, ಅದೇ ಜಾತಿ. ಪಿಪಿಗೆ ಬಣ್ಣ ನಿಲ್ಲಬೇಕು ಅಂದ್ರೆ 'ಅಡ್ಹೀಷನ್ ಪ್ರೊಮೋಟರ್' ಅಥವಾ ಪ್ಲಾಸ್ಟಿಕ್ ಪ್ರೈಮರ್ ಅನ್ನೋ ತೆಳು ಪಾರದರ್ಶಕ ಪದರ ಮೊದಲು ಬೀಳಬೇಕು. ಅದು ಇಲ್ಲದೆ ಮೇಲೆ ಎಂಥಾ ದುಬಾರಿ ಬಣ್ಣ ಹಾಕಿದರೂ ಅಷ್ಟೇ. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ತರಿತರಿ ಕಪ್ಪು ಪ್ಯಾನೆಲ್‌ಗೆ ಪೇಂಟ್ ಮಾಡಿಸ್ತೀನಿ ಅನ್ನೋರಿಗೆ ನನ್ನ ಸಲಹೆ: ಬೇಡ. ಹೊಸದೇ ಸಿಕ್ಕರೆ ಅದನ್ನೇ ತಂದು ಹಾಕಿಸಿ.

ಕಬ್ಬಿಣಕ್ಕೂ ಪ್ಲಾಸ್ಟಿಕ್‌ಗೂ ಇನ್ನೊಂದು ವ್ಯತ್ಯಾಸ ಇದೆ. ಕಂಪನಿಯಲ್ಲಿ ಟ್ಯಾಂಕಿನಂಥ ಲೋಹದ ಭಾಗಕ್ಕೆ ಬಣ್ಣ ಹಾಕಿ ನೂರು ಡಿಗ್ರಿಗೂ ಮೇಲೆ ಕಾಯಿಸ್ತಾರೆ. ಪ್ಲಾಸ್ಟಿಕ್‌ನ ಹಂಗೆ ಕಾಯಿಸಿದರೆ ಸೊಟ್ಟ ಆಗುತ್ತೆ, ಹಂಗಾಗಿ ಕಡಿಮೆ ಶಾಖದಲ್ಲೇ ಮುಗಿಸಬೇಕು. ಮೇಲಾಗಿ ಎಬಿಎಸ್ ಬಿಸಿಗೆ ಹಿಗ್ಗೋದು ಉಕ್ಕಿಗಿಂತ ಸುಮಾರು ಆರು ಪಟ್ಟು ಜಾಸ್ತಿ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಪಿ.ಬಿ. ರಸ್ತೆ ಬದಿ ನಿಲ್ಲಿಸಿದ ಬೈಕಿನ ಕಪ್ಪು ಪ್ಯಾನೆಲ್ ಮುಟ್ಟಿ ನೋಡಿ, ಕೈ ಇಡೋಕಾಗಲ್ಲ. ಹಗಲೆಲ್ಲಾ ಹಿಗ್ಗಿ ರಾತ್ರಿ ಕುಗ್ಗೋ ಪ್ಲಾಸ್ಟಿಕ್ ಜೊತೆ ಬಣ್ಣವೂ ಹಿಗ್ಗಿ ಕುಗ್ಗಬೇಕು. ಗಡುಸಾದ ಬಣ್ಣ, ದಪ್ಪ ಪುಟ್ಟಿ ಅಲ್ಲೇ ಸೋಲೋದು.

ಇನ್ನು ತಯಾರಿ. ನಾನು ಎಡವಿದ್ದು ಇಲ್ಲೇ, ಬಹಳ ಜನ ಎಡವೋದೂ ಇಲ್ಲೇ. ಪ್ಯಾನೆಲ್ ಕೈಗೆ ಬಂದ ತಕ್ಷಣ ವಾಟರ್ ಪೇಪರ್ ಹಿಡಿದು ಉಜ್ಜೋಕೆ ಶುರು ಮಾಡ್ತಾರೆ. ಅದರ ಮೇಲೆ ವರ್ಷಗಟ್ಟಲೆ ಬಳಿದ ಪಾಲಿಷ್, ಚೈನ್ ಆಯಿಲ್, ಸಿಲಿಕಾನ್ ಸ್ಪ್ರೇ ಎಲ್ಲಾ ಕೂತಿರುತ್ತೆ. ಹಂಗೇ ಉಜ್ಜಿದರೆ ಆ ಜಿಡ್ಡು ಗೀರುಗಳ ಒಳಗೇ ಸೇರಿಕೊಳ್ಳುತ್ತೆ. ಆಮೇಲೆ ಬಣ್ಣ ಹೊಡೆದಾಗ ಮೀನಿನ ಕಣ್ಣಿನಂಥ ಸಣ್ಣ ಗುಂಡಿಗಳು ಏಳ್ತವೆ. ಮೊದಲು ಸೋಪಿನ ನೀರು, ಆಮೇಲೆ ಜಿಡ್ಡು ತೆಗೆಯೋ ದ್ರಾವಣ, ಅದಾದ ಮೇಲೆ ಉಜ್ಜೋದು. ಅಂಗಡಿಯಲ್ಲಿ ಸಿಗೋ ಬಣ್ಣ ಇಲ್ಲದ ಹೊಸ ಪ್ಯಾನೆಲ್‌ಗೂ ಇದೇ ಸ್ನಾನ ಆಗಬೇಕು, ಅಚ್ಚಿನಿಂದ ಸುಲಭವಾಗಿ ಬಿಡಿಸೋಕೆ ಬಳಸಿದ ಎಣ್ಣೆಯಂಥ ಪದರ ಅದರ ಮೇಲೆ ಇರಬಹುದು. ಸ್ಟಿಕ್ಕರ್ ಇದ್ದರೆ ಬಿಸಿಗಾಳಿ ಕೊಟ್ಟು ಪೂರ್ತಿ ಕಿತ್ತು, ಅದರ ಗೋಂದನ್ನೂ ಒರೆಸಬೇಕು. ಸ್ಟಿಕ್ಕರ್ ಮೇಲೇ ಬಣ್ಣ ಹೊಡೆದು ಕಳಿಸಿದ ಗಾಡಿ ನೋಡಿದ್ದೀನಿ. ಬಿಸಿಲಲ್ಲಿ ಓರೆಯಾಗಿ ನೋಡಿದರೆ ಕಂಪನಿ ಹೆಸರು ಉಬ್ಬಿ ಕಾಣ್ತಿತ್ತು.

ಕಂಪನಿಯ ಹಳೇ ಬಣ್ಣ ಗಟ್ಟಿಯಾಗಿದ್ದರೆ ಅದನ್ನ ಪೂರ್ತಿ ಕೆರೆಯೋ ಅಗತ್ಯ ಇಲ್ಲ. ಅದಕ್ಕಿಂತ ಒಳ್ಳೆ ಪ್ರೈಮರ್ ನಿಮಗೆ ಹೊರಗೆ ಸಿಗಲ್ಲ. 600 ಅಥವಾ 800 ನಂಬರಿನ ವಾಟರ್ ಪೇಪರಲ್ಲಿ ಹೊಳಪು ಪೂರ್ತಿ ಸಾಯೋವರೆಗೆ ಉಜ್ಜಿದರೆ ಸಾಕು. ಎಲ್ಲೂ ಮಿಂಚಬಾರದು. ವಿಶೇಷವಾಗಿ ಅಂಚು, ಸ್ಕ್ರೂ ತೂತಿನ ಸುತ್ತ, ಸಂದಿಗಳು. ಸಿಪ್ಪೆ ಏಳೋದು ಯಾವಾಗಲೂ ಅಲ್ಲಿಂದಲೇ, ಯಾಕಂದ್ರೆ ಬೆರಳು ಹೋಗದ ಜಾಗ ಅಂತ ಬಿಟ್ಟುಬಿಟ್ಟಿರ್ತಾರೆ.

ಬಣ್ಣದ ವಿಷಯಕ್ಕೆ ಬಂದರೆ ನಮ್ಮ ಅಂಗಡಿಗಳಲ್ಲಿ ಎರಡು ಹೆಸರು ಕೇಳಿಸ್ತವೆ: ಎನ್‌ಸಿ ಮತ್ತು ಪಿಯು. ಎನ್‌ಸಿ ಅಂದ್ರೆ ಥಿನ್ನರ್ ಆರಿದರೆ ಒಣಗೋ ಹಳೇ ಕಾಲದ ಲ್ಯಾಕರ್. ಅಗ್ಗ, ಬೇಗ ಮುಗಿಯುತ್ತೆ, ಬೆಳಗ್ಗೆ ಕೊಟ್ಟ ಗಾಡಿ ಸಂಜೆ ಕೈಗೆ. ಆದರೆ ಬಿಸಿಲಿಗೆ ಹೊಳಪು ಬೇಗ ಕಳಕೊಳ್ಳುತ್ತೆ, ಪೆಟ್ರೋಲ್ ಚೆಲ್ಲಿದರೆ ಕಲೆ ಬೀಳುತ್ತೆ, ಪ್ಲಾಸ್ಟಿಕ್ ಬಾಗಿದರೆ ಬಿರುಕು ಬಿಡುತ್ತೆ. ಸ್ಪ್ರೇ ಡಬ್ಬಿಯಲ್ಲಿ ಬರೋ ಬಣ್ಣಗಳಲ್ಲಿ ಹೆಚ್ಚಿನವೂ ಹಾರ್ಡ್‌ನರ್ ಇಲ್ಲದವೇ. ಪಿಯು ಅಂದ್ರೆ ಬಣ್ಣಕ್ಕೆ ಅಥವಾ ಕ್ಲಿಯರ್‌ಗೆ ಹಾರ್ಡ್‌ನರ್ ಬೆರೆಸಿ ಹೊಡೆಯೋದು. ಅದು ಬರೀ ಒಣಗೋದಲ್ಲ, ಒಳಗೇ ರಾಸಾಯನಿಕವಾಗಿ ಬಿಗಿದುಕೊಳ್ಳುತ್ತೆ. ಒಮ್ಮೆ ಬಿಗಿದ ಮೇಲೆ ಪೆಟ್ರೋಲಿಗೆ ಸುಲಭಕ್ಕೆ ಜಗ್ಗಲ್ಲ. ಮೆಟಾಲಿಕ್ ಬಣ್ಣ ಆದರೆ ಮೇಲೆ ಕ್ಲಿಯರ್ ಬೇಕೇ ಬೇಕು. ಬಿಸಿಲನ್ನ ತಡೆಯೋದು ಆ ಕ್ಲಿಯರ್ರೇ ಹೊರತು ಬಣ್ಣ ಅಲ್ಲ.

ಪಿಯು ಅಂತ ದುಡ್ಡು ತಗೊಂಡು ಎನ್‌ಸಿ ಹೊಡೆದರೆ ಗೊತ್ತಾಗೋದು ಹೆಂಗೆ? ಪ್ಯಾನೆಲ್ ಒಳಗಡೆ, ಕಾಣದ ಅಂಚಲ್ಲಿ ಬಣ್ಣ ಬಿದ್ದಿರುತ್ತೆ. ಒಂದೆರಡು ವಾರ ಬಿಟ್ಟು ಬಿಳಿ ಬಟ್ಟೆಗೆ ಸ್ವಲ್ಪ ಥಿನ್ನರ್ ಅದ್ದಿ ಅಲ್ಲಿ ಮೆಲ್ಲಗೆ ತಿಕ್ಕಿ. ಬಣ್ಣ ಕರಗಿ ಬಟ್ಟೆಗೆ ಹತ್ತಿದರೆ ಹಾರ್ಡ್‌ನರ್ ಹಾಕಿಲ್ಲ, ಇಲ್ಲಾ ಹಾಕಿದ್ದು ಸಾಲದು. ಬೆರೆಸಿದ ಬಣ್ಣ ಕೆಲವೇ ಗಂಟೆ ಬಳಕೆಗೆ ಬರೋದು, ಆಮೇಲೆ ಗಟ್ಟಿಯಾಗುತ್ತೆ. ಅದಕ್ಕೇ ಉಳಿತಾಯ ಅಂತ ಕೆಲವರು ಹಾರ್ಡ್‌ನರ್ ಅಳತೆ ಕಮ್ಮಿ ಮಾಡ್ತಾರೆ. ಡಬ್ಬಿ ಮೇಲೆ ಬರೆದ ಅಳತೆ ಸುಮ್ಮನೆ ಬರೆದಿದ್ದಲ್ಲ.

ಹಂಗಾದ್ರೆ ಎಷ್ಟು ದಿನ ಬಾಳುತ್ತೆ? ನಾನು ನೋಡಿದ ಗಾಡಿಗಳ ಲೆಕ್ಕದಲ್ಲಿ ಹೇಳ್ತೀನಿ. ಉಜ್ಜದೆ ಹೊಡೆದ ಸ್ಪ್ರೇ ಡಬ್ಬಿ ಬಣ್ಣ ಒಂದು ಮಳೆಗಾಲ ದಾಟಿದರೆ ದೊಡ್ಡದು. ನೀಟಾಗಿ ತಯಾರಿ ಮಾಡಿ ಹೊಡೆದ ಎನ್‌ಸಿ ವರ್ಷ, ಒಂದೂವರೆ ವರ್ಷ ಚೆನ್ನಾಗಿದ್ದು ಆಮೇಲೆ ಮಂಕಾಗುತ್ತೆ. ತಯಾರಿ, ಪ್ರೈಮರ್, ಪಿಯು ಬಣ್ಣ, ಕ್ಲಿಯರ್ ಎಲ್ಲಾ ಸರಿ ಇದ್ದ ಪ್ಯಾನೆಲ್‌ಗಳು ನಾಲ್ಕೈದು ವರ್ಷ ಆದರೂ ಗಟ್ಟಿಯಾಗಿರೋದು ನೋಡಿದ್ದೀನಿ. ಅವುಗಳಲ್ಲೂ ಮೊಣಕಾಲು ತಾಗೋ ಕಡೆ, ಹಿಂದೆ ಕೂತೋರ ಶೂ ಉಜ್ಜೋ ಕಡೆ ಸವೆದಿರುತ್ತೆ. ಅದಕ್ಕೆ ಯಾವ ಪೇಂಟರೂ ಗ್ಯಾರಂಟಿ ಕೊಡೋಕಾಗಲ್ಲ.

ಇನ್ನೊಂದು ಶತ್ರು ನಮ್ಮ ಹಬ್ಬದ ಕಾಲವೇ. ಆಯುಧಪೂಜೆ ಬರೋದು ಮಳೆ ಇನ್ನೂ ಪೂರ್ತಿ ಬಿಡದ ಹೊತ್ತಲ್ಲಿ. ಗಾಳಿಯಲ್ಲಿ ತೇವ ಇದ್ದಾಗ ಲ್ಯಾಕರ್ ಹೊಡೆದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ತೇವ ಹಿಡಿಯುತ್ತೆ, ಬಣ್ಣ ಹಾಲು ಚೆಲ್ಲಿದಂಗೆ ಬೆಳ್ಳಗಾಗುತ್ತೆ. ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಗಾಡಿ ಕೊಟ್ಟು 'ನಾಳೆನೇ ಬೇಕ್ರಿ' ಅಂದ್ರೆ ಪೇಂಟರ್ ಆದ್ರೂ ಏನು ಮಾಡ್ತಾರೆ? ಒಂದು ಕೋಟ್ ಆರೋ ಮುಂಚೆ ಇನ್ನೊಂದು ಹೊಡೀತಾರೆ.

ಪೇಂಟರ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಪಿಯು ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ. ಸ್ಪ್ರೇ ಪೇಂಟರ್‌ಗಳಿಗೆ ಕೆಲಸದಿಂದ ಬರೋ ಅಸ್ತಮಾಗೆ ಇದು ದೊಡ್ಡ ಕಾರಣ ಅಂತ ವೈದ್ಯಲೋಕಕ್ಕೆ ಬಹಳ ಹಿಂದಿನಿಂದ ಗೊತ್ತು. ಒಮ್ಮೆ ದೇಹಕ್ಕೆ ಅದು ಒಗ್ಗದೆ ಹೋದರೆ ಆಮೇಲೆ ತೀರಾ ಸ್ವಲ್ಪ ಆವಿ ಒಳಗೆ ಹೋದರೂ ಉಬ್ಬಸ ಹತ್ತಬಹುದು. ಅಂಗಡಿಗಳಲ್ಲಿ ನಾನು ನೋಡಿದ್ದು ಮೂಗಿಗೆ ಕಟ್ಟಿದ ಕರ್ಚೀಫು. ಅದರಿಂದ, ಕೊರೊನಾ ಕಾಲದ ಮಾಸ್ಕಿನಿಂದ ಆ ಆವಿ ನಿಲ್ಲಲ್ಲ. ಹೊರಗಿನ ಶುದ್ಧ ಗಾಳಿ ಪೈಪಲ್ಲಿ ಬರೋ ಮಾಸ್ಕ್ ಸರಿಯಾದದ್ದು. ಅದು ಆಗದಿದ್ದರೆ ಆವಿ ತಡೆಯೋ ಕಾರ್ಟ್ರಿಜ್ ಮಾಸ್ಕ್, ಗಾಳಿ ಆಡೋ ಜಾಗ, ಕೈಗವಸು ಇಷ್ಟಾದರೂ ಬೇಕು. ಇಪ್ಪತ್ತು ವರ್ಷದಿಂದ ಗನ್ ಹಿಡಿದಿರೋ ಒಬ್ಬರು ಮಾತಾಡ್ತಾ ಮಾತಾಡ್ತಾ ಮೂರು ಸಲ ಕೆಮ್ಮಿದರು. ಕೇಳಿದ್ದಕ್ಕೆ 'ಧೂಳು ಬಿಡ್ರಿ' ಅಂದ್ರು. ಮನೆಯ ಕೋಣೆಯಲ್ಲಿ, ಮಕ್ಕಳು ಓಡಾಡೋ ವರಾಂಡದಲ್ಲಿ ವಿಡಿಯೋ ನೋಡಿಕೊಂಡು ಪಿಯು ಹೊಡೆಯೋ ಹುಡುಗರೂ ಇದನ್ನ ಗಮನಿಸಬೇಕು.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಹೊಸ ಬಣ್ಣ ಕಂಡ ತಕ್ಷಣ ಖುಷಿ ಪಡಬೇಡಿ. ಪ್ಯಾನೆಲ್ ಒಂದನ್ನ ಬಿಚ್ಚಿಸಿ ಹಿಂಬದಿ ನೋಡಿ. ಮುಂದೆ ಪುಟ್ಟಿ ಮೆತ್ತಿ ಮುಚ್ಚಿದ ಬಿರುಕು ಹಿಂದೆ ಹಂಗೇ ಕಾಣುತ್ತೆ. ಹಿಂದಿನಿಂದ ಬೆಸುಗೆ ಹಾಕದ ಬಿರುಕು ಇಂಜಿನ್ ನಡುಕಕ್ಕೆ ಮತ್ತೆ ಬಾಯಿ ಬಿಡುತ್ತೆ, ಬಿದ್ದ ಗಾಡಿ ಅನ್ನೋದಕ್ಕೂ ಅದೇ ಸಾಕ್ಷಿ.

ಬಣ್ಣವನ್ನೇ ಬದಲಾಯಿಸೋರಿಗೆ: ಆರ್‌ಸಿಯಲ್ಲಿ ಗಾಡಿಯ ಬಣ್ಣ ನಮೂದಾಗಿರುತ್ತೆ. ಅದೇ ಬಣ್ಣ ಮತ್ತೆ ಹೊಡೆಸಿದರೆ ತಕರಾರಿಲ್ಲ. ಕೆಂಪು ಗಾಡಿ ನೀಲಿ ಆಗಬೇಕು ಅಂದ್ರೆ ಪೇಂಟರ್ ಹತ್ತಿರ ಹೋಗೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಇಲ್ಲಾಂದ್ರೆ ತಪಾಸಣೆಯಲ್ಲಿ, ಗಾಡಿ ಮಾರುವಾಗ, ಇನ್ಶೂರೆನ್ಸ್ ಕ್ಲೇಮ್ ಹೊತ್ತಲ್ಲಿ ಉತ್ತರ ಹೇಳಬೇಕಾಗುತ್ತೆ. ಇನ್ನು ಹುಡುಗರ ಮೆಚ್ಚಿನ 'ಮಿಲಿಟರಿ ಗ್ರೀನ್'. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 121ನೇ ನಿಯಮದ ಪ್ರಕಾರ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ.

ಗಾಡಿ ಮನೆಗೆ ಬಂದ ಮೇಲೂ ಸ್ವಲ್ಪ ತಾಳ್ಮೆ ಬೇಕು. ಪಿಯು ಬಣ್ಣ ಮುಟ್ಟೋಕೆ ಅದೇ ದಿನ ಒಣಗಿರುತ್ತೆ, ಪೂರ್ತಿ ಗಟ್ಟಿಯಾಗೋಕೆ ಒಂದು ವಾರಕ್ಕೂ ಹೆಚ್ಚು ಬೇಕಾಗಬಹುದು. ಅಲ್ಲಿವರೆಗೆ ಪ್ರೆಷರ್ ವಾಷ್ ಬೇಡ, ಕವರ್ ಹೊದಿಸೋದು ಬೇಡ, ಒಂದು ತಿಂಗಳು ವ್ಯಾಕ್ಸ್ ಪಾಲಿಷ್ ಬೇಡ. ಹಬ್ಬಕ್ಕೆ ಮಾಡಿಸೋದಾದ್ರೆ ಹದಿನೈದು ದಿನ ಮುಂಚೆ ಕೊಡಿ. ಪೂಜೆ ದಿನ ಬಾಳೆಕಂದು, ಹಾರ ಕಟ್ಟೋಕೆ ಟೇಪ್ ಅಂಟಿಸಬೇಡಿ, ಕೀಳುವಾಗ ಹೊಸ ಬಣ್ಣನೂ ಅದರ ಜೊತೆ ಬರುತ್ತೆ. ದಾರದಲ್ಲಿ ಕಟ್ಟಿ. ಅರಿಶಿನ ಕುಂಕುಮ ಒದ್ದೆ ಮಾಡಿ ಪ್ಯಾನೆಲ್‌ಗೆ ಬಳಿಯೋ ಬದಲು ಹ್ಯಾಂಡಲ್‌ಗೆ, ಚಕ್ರಕ್ಕೆ ಇಟ್ಟರೆ ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ.